ಗೆರೆಯಮ್ಮನ ಕಿಟಕಿ

ಹಿತ್ತಲ ಬಾಗಿಲಿಗೆ ಬೆನ್ನು ಹಾಕಿ ಕೂತು ಸೊಸೆ ಹೆಂಚು ಒಡೆಯುತ್ತಿದ್ದಳು. ಹೆಂಚನ್ನು ಮೊದಲು ಉದ್ದಕ್ಕೆ ಸೀಳಬೇಕು. ಆಮೇಲೆ ಆ ಸೀಳನ್ನು ಕಲ್ಲಿನ ಅಂಚಿಗಿಟ್ಟು ಸಣ್ಣ ಸುತ್ತಿಗೆಯಿಂದ ಒಂದೇ ಏಟು ತಟ್ಟಿದರೆ ಬೆರಳಿನಷ್ಟು ಅಗಲದ ತುಂಡು ಬೀಳುತ್ತದೆ. ಬಿದ್ದದ್ದನ್ನು ಎತ್ತಿ, ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಸರಿಯಿದ್ದರೆ ಬಾಣಲಿಗೆ ಹಾಕುತ್ತಿದ್ದಳು. ಇಲ್ಲದಿದ್ದರೆ ಗೋಡೆಯ ಮೂಲೆಗೆ.

ಒಳಗೆ ನಡುಮನೆಯಲ್ಲಿ ಅವಳ ಅತ್ತೆಯನ್ನು ಮಲಗಿಸಿದ್ದರು. ಸಾವಿನ ಮನೆಗೆ ಬಂದವರು ಸುತ್ತಿಗೆಯ ಸದ್ದು ಕೇಳಿ, ಬಡಗಿ ಇನ್ನೂ ಪೆಟ್ಟಿಗೆ ಮುಗಿಸಿಲ್ಲ ಅಂದುಕೊಂಡರು. ಬಡಗಿಯೋ ಬೆಳಗ್ಗೆಯೇ ಪೆಟ್ಟಿಗೆ ತಂದಿಟ್ಟು ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

“ಏನೇ ಇದು, ಒಳಗೆ ಹೆಣ ಇಟ್ಕೊಂಡು ಹೊರಗೆ ಕಟಕಟ ಅಂತ?”

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಸತ್ತವಳ ತಂಗಿ, ಬೀದಿಗೆಲ್ಲ ಚಿಕ್ಕಮ್ಮ. ಕಿವಿ ಅರ್ಧ ಹೋಗಿತ್ತು, ನಾಲಿಗೆ ಪೂರ್ತಿ ಇತ್ತು. ಚಿಕ್ಕಮ್ಮ ಬಗ್ಗಿ ಬಾಣಲಿಯೊಳಗೆ ನೋಡಿದಳು. ಬೈಯುವುದಕ್ಕೆ ತೆರೆದಿದ್ದ ಬಾಯಿ ಹಾಗೆಯೇ ನಿಂತಿತು.

“ಎಷ್ಟಾಯ್ತು?” ಎಂದಳು, ದನಿ ಇಳಿಸಿ.

“ಮೂವತ್ತೊಂದು.”

“ಎಷ್ಟು ಬೇಕಂತೆ?”

“ಅತ್ತೆ ನಲವತ್ನಾಲ್ಕು ಅಂದ್ರು. ಕೈಜಾರಿ ಬೀಳ್ಬಹುದು ಅಂತ ಐವತ್ತು ಮಾಡ್ತಿದೀನಿ.”

“ಅವಳು ನಲವತ್ನಾಲ್ಕು ಅಂದ್ರೆ ನಲವತ್ನಾಲ್ಕೇ. ನಿನ್ನ ಕೈ ಜಾರುತ್ತೆ, ಅವಳ ಲೆಕ್ಕ ಜಾರಲ್ಲ.” ಚಿಕ್ಕಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಮೂಲೆಗೆ ಎಸೆದ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದಳು. “ಇದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ. ಮದುವೆ ಗಂಡು ನೋಡ್ದಂಗೆ ನೋಡ್ತೀಯಲ್ಲೇ.”

ಸತ್ತವಳನ್ನು ಊರು ಗೆರೆಯಮ್ಮ ಎಂದು ಕರೆಯುತ್ತಿತ್ತು. ಗುಡ್ಡದ ಮೇಲಿನ ಪಾಳುಕೋಟೆಯ ಗೋಡೆಗಳನ್ನು ನಲವತ್ತೈದು ವರ್ಷ ರಿಪೇರಿ ಮಾಡಿದವಳು. ಹಳೆಯ ಗೋಡೆ ಬಿದ್ದ ಕಡೆ ಹೊಸ ಕಲ್ಲು ಕೂರಿಸುವಾಗ, ಹಳೆಯದಕ್ಕೂ ಹೊಸದಕ್ಕೂ ನಡುವೆ ಕೆಂಪು ಹೆಂಚಿನ ಚೂರುಗಳನ್ನು ಗಾರೆಯಲ್ಲಿ ಸಾಲಾಗಿ ಒತ್ತಬೇಕು. ಅದು ಆ ಕೆಲಸದ ನಿಯಮ. ನೂರು ವರ್ಷ ಬಿಟ್ಟು ಬಂದವನಿಗೂ ಹಳಬರ ಕೆಲಸ ಎಲ್ಲಿಗೆ ಮುಗಿಯಿತು, ನಮ್ಮದು ಎಲ್ಲಿಂದ ಶುರುವಾಯಿತು ಎಂದು ಕಾಣಬೇಕು. ಬೇರೆಯವರು ಅವಸರವಿದ್ದಾಗ ಅಲ್ಲೊಂದು ಇಲ್ಲೊಂದು ಚೂರು ಒತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ಗೆರೆಯಮ್ಮ ನಾಲ್ಕು ಬೆರಳಿಗೊಂದರಂತೆ ಇಡುತ್ತಿದ್ದಳು. ಕೋಟೆಯ ಯಾವ ಗೋಡೆಯ ಮುಂದೆ ನಿಂತರೂ ಅವಳ ಕೆಂಪು ಗೆರೆ ಹಾವಿನಂತೆ ಹತ್ತಿ ಇಳಿದು ಹೋಗುವುದು ಕಾಣುತ್ತಿತ್ತು.

ಒಂದು ಕಿಟಕಿಯ ಸುತ್ತ ಮಾತ್ರ ಇರಲಿಲ್ಲ.

ಒಳಗಿನಿಂದ ಮಗ ಬಂದ. ಕೋಟೆಯ ಬಾಗಿಲಲ್ಲಿ ಟಿಕೆಟ್ ಕೊಡುವವನು ಅವನು. ಕರಿ ಕೋಟು ಹಾಕಿದ್ದ, ಗುಂಡಿ ಒಂದು ಮನೆ ತಪ್ಪಿತ್ತು. ಹೆಂಡತಿಯನ್ನು, ಬಾಣಲಿಯನ್ನು, ಚಿಕ್ಕಮ್ಮನನ್ನು ನೋಡಿ ಗೋಡೆಗೊರಗಿದ.

“ಬೇಡ ಕಣೆ,” ಅಂದ. “ಇವತ್ತೊಂದು ದಿನ ಸುಮ್ನಿರು.”

“ನಾಳೆ ಬೆಳಗ್ಗೆ ಕಿಟಕಿಗೆ ಹತ್ತೋಕೆ ಕಟ್ಟಿರೋ ಸಾರುವೆ ಬಿಚ್ತಾರಂತಲ್ಲ.”

“ಬಿಚ್ಚಲಿ.”

“ಮತ್ತೆ ಯಾವಾಗ ಕಟ್ತಾರೆ?”

“ಕೋಟೆ ಆಫೀಸಿನ ಸಾಹೇಬ್ರು ಬರ್ತಿದಾರೆ,” ಅಂದ ಅವನು. “ಅಮ್ಮನ ಬಗ್ಗೆ ನಾಲ್ಕು ಮಾತಾಡ್ತಾರಂತೆ. ಆ ಕಿಟಕಿ ಕೆಳಗೆ ಕಲ್ಲಿನ ಹಲಗೆ ಹಾಕಿಸ್ತಾರಂತೆ, ಅಮ್ಮನ ಹೆಸರಿಂದು. ನಮ್ಮ ವಂಶದಲ್ಲಿ ಯಾರ ಹೆಸರನ್ನ ಕಲ್ಲಲ್ಲಿ ಕೆತ್ತಿದಾರೆ ಹೇಳು?”

“ಹಲಗೇಲಿ ಏನಂತ ಬರೀತಾರೆ?”

“ಒಳ್ಳೇದೇ ಬರೀತಾರೆ. ಕೆಟ್ಟದ್ದು ಬರೀತಾರಾ?” ಅವನು ಕೆಳಗೆ ಕೂತು ದನಿ ತಗ್ಗಿಸಿದ. “ನೋಡು, ನೀನೂ ಅಲ್ಲೇ ಗಾರೆ ಕೆಲಸ ಮಾಡೋಳು, ನಾನೂ ಅಲ್ಲೇ. ಆ ಕಿಟಕಿಗೆ ಉಗುರು ತಾಗಿಸಿದ್ರೂ ಇಬ್ಬರೂ ಮನೇಲಿ ಕೂರ್ಬೇಕಾಗುತ್ತೆ. ಅಮ್ಮ ಹೋದ್ಲು. ಅವಳ ಹಟಾನೂ ಅವಳ ಜೊತೆ ಹೋಗ್ಲಿ.”

ಸೊಸೆ ಮೂವತ್ತೆರಡನೆಯ ತುಂಡನ್ನು ಸವರಿ ಬಾಣಲಿಗೆ ಹಾಕಿದಳು.

*

ಕೋಟೆ ಏಳುನೂರು ವರ್ಷದ್ದು. ಯಾರೋ ಒಬ್ಬ ದೊರೆ ಕಟ್ಟಿಸಿದ, ಅವನ ಮೊಮ್ಮಗನ ಕಾಲಕ್ಕೆ ಶತ್ರುಗಳು ಮುತ್ತಿಗೆ ಹಾಕಿದರು, ಒಂದು ಚಳಿಗಾಲ ಪೂರ್ತಿ ಕಾದು ನೋಡಿ ಒಳಗಿನವರೇ ಬಾಗಿಲು ತೆಗೆದರು. ಗೋಡೆ ಬಿದ್ದದ್ದು ಆಗ ಅಲ್ಲ. ಅದನ್ನು ಬೀಳಿಸಿದ್ದು ಊರು. ದೊರೆಯಿಲ್ಲದ ಕೋಟೆಯಿಂದ ಅಜ್ಜಂದಿರು, ಮುತ್ತಜ್ಜಂದಿರು ಗಾಡಿಯಲ್ಲಿ ಕಲ್ಲು ಹೇರಿಕೊಂಡು ಬಂದು ಮನೆ ಕಟ್ಟಿದರು, ಸೇತುವೆ ಕಟ್ಟಿದರು, ದನದ ಕೊಟ್ಟಿಗೆ ಕಟ್ಟಿದರು. ಗೆರೆಯಮ್ಮ ಬೀದಿಯಲ್ಲಿ ನಡೆಯುವಾಗ ಯಾರದೋ ಹೊಸ್ತಿಲನ್ನು ತೋರಿಸಿ, “ಇದು ಮೂಲೆ ಬುರುಜಿಂದು, ಆ ತೊಲೆಗಲ್ಲು ಅಡುಗೆಮನೇದು,” ಎನ್ನುತ್ತಿದ್ದಳು. ಮನೆಯವರಿಗೆ ಕೋಪ ಬರುತ್ತಿತ್ತು. ಕದ್ದ ಮಾಲು ಹಿಡಿದವಳಂತೆ ಮಾತಾಡ್ತಾಳೆ ಎನ್ನುತ್ತಿದ್ದರು.

ಇಪ್ಪತ್ಮೂರರ ಹರೆಯದಲ್ಲಿ ಅವಳು ಕೋಟೆಯಲ್ಲಿ ಗಾರೆ ಹೊರುವ ಆಳು. ಒಂದು ಬಿರುಗಾಳಿಗೆ ಕಂದಕದ ಮೇಲಿನ ದಕ್ಷಿಣದ ಗೋಡೆಯಲ್ಲಿ, ಮೂರಾಳೆತ್ತರದಲ್ಲಿ, ಬಾಗಿಲಗಲದ ತೂತು ಬಿತ್ತು. ಕೆಲಸ ಕಲಿಸುತ್ತಿದ್ದ ಮುದುಕ ಮೇಸ್ತ್ರಿ ಜ್ವರದಲ್ಲಿ ಮಲಗಿದ್ದ. ಉಳಿದವರು ಜಲ್ಲಿಕಲ್ಲು ತುರುಕಿ ಮುಚ್ಚೋಣ ಎಂದರು. ಅವಳು ಕಮಾನು ಕಟ್ಟುತ್ತೇನೆ ಎಂದಳು.

“ನೀನು?” ಎಂದು ಎಲ್ಲರೂ ನಕ್ಕರು. ನಕ್ಕಿದ್ದೇ ಸಾಕಾಯಿತು.

ರಸ್ತೆ ಬದಿಯಲ್ಲಿ ಒಂದು ಹಳೆಯ ಕೊಟ್ಟಿಗೆ ಕೆಡವುತ್ತಿದ್ದರು. ಅದರ ಕಲ್ಲುಗಳನ್ನು ಅವಳು ಒಂದೊಂದಾಗಿ ತಟ್ಟಿ, ಸದ್ದು ಕೇಳಿ ಆರಿಸಿಕೊಂಡಳು. ಕಂದಕದ ಹುಲ್ಲಿನ ಮೇಲೆ ಇಡೀ ಕಮಾನನ್ನು ಮಲಗಿಸಿ ಜೋಡಿಸಿದಳು. ಒಂದೊಂದಕ್ಕೂ ಇದ್ದಿಲಿನಲ್ಲಿ ಗುರುತು ಹಾಕಿದಳು. ಹನ್ನೊಂದು ದಿನದಲ್ಲಿ ಗೋಡೆಯ ತೂತು ಕಿಟಕಿಯಾಯಿತು. ಕೊನೆಯ ದಿನ ಹೆಂಚಿನ ಚೂರು ಮುಗಿದಿತ್ತು. ಸೋಮವಾರ ಬಂದು ಗೆರೆ ಎಳೆದರಾಯಿತು ಎಂದು ಸಂದುಗಳನ್ನು ಗಾರೆಯಲ್ಲಿ ಮುಚ್ಚಿ ಇಳಿದಳು. ಸೋಮವಾರ ಬಂದಾಗ ಸಾರುವೆಯನ್ನು ಬಿಚ್ಚಿ ಇನ್ನೊಂದು ಗೋಡೆಗೆ ಕಟ್ಟಿಯಾಗಿತ್ತು.

ಮುದುಕ ಮೇಸ್ತ್ರಿ ಜ್ವರ ಬಿಟ್ಟು ಎದ್ದು ಬಂದು, ಕೆಳಗೆ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿದ. ಹೊಗಳುತ್ತಾನೆ ಎಂದು ಅವಳು ಕಾದಳು.

“ಗೆರೆ ಎಲ್ಲಿ?” ಎಂದ.

“ಹಾಕ್ತೀನಿ,” ಎಂದಳು.

ನಾಲ್ಕು ವರ್ಷದ ಮೇಲೆ, ಮೇಸ್ತ್ರಿಯೂ ತೀರಿಕೊಂಡ ಮೇಲೆ, ದೊಡ್ಡ ಪಂಡಿತರೊಬ್ಬರು ಕೋಟೆ ಅಳೆಯಲು ಬಂದರು. ಅವರ ಪುಸ್ತಕದಲ್ಲಿ ಆ ಕಿಟಕಿಗೆ ಎರಡು ಪುಟ ಸಿಕ್ಕಿತು. ಕೋಟೆಯಲ್ಲೇ ಎಲ್ಲಕ್ಕಿಂತ ಹಳೆಯ ಭಾಗ ಇದು. ಇಂಥ ಕಮಾನು ಕಟ್ಟಬಲ್ಲ ಕೈಗಳು ಈ ಊರಿನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ದೂರದಿಂದ ಕರೆಸಿದ ಶಿಲ್ಪಿಗಳ ಕೆಲಸವಿರಬೇಕು ಎಂದು ಬರೆದರು. ಕೆಳಗಿನ ಕಲ್ಲಿನಲ್ಲಿದ್ದ ತೂತು, ರಾಣಿಯ ರೇಷ್ಮೆ ಪರದೆಯ ಹಗ್ಗ ಕಟ್ಟುವ ಕೊಂಡಿಯದು ಎಂದು ಬರೆದರು.

ಅದು ಹಸು ಕಟ್ಟುತ್ತಿದ್ದ ತೂತು. ಗೆರೆಯಮ್ಮ ಅವರಿದ್ದ ವಸತಿಗೃಹಕ್ಕೆ ಕೈಕಾಲು ತೊಳೆದುಕೊಂಡು ಹೋಗಿ ಹೇಳಿದಳು: “ಸ್ವಾಮಿ, ಕಲ್ಲು ಕೋಟೇದೇ. ಕಿಟಕಿ ನನ್ನದು.” ಅವರು ಅವಳಿಗೆ ಕೂರಲು ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಪುಸ್ತಕದಲ್ಲಿ ಒಂದಕ್ಷರ ಬದಲಾಗಲಿಲ್ಲ. ಅಂದಿನಿಂದ ಅದು ರಾಣಿ ಕಿಟಕಿ. ಟಿಕೆಟ್ಟಿನ ಮೇಲೆ ಅದರದೇ ಚಿತ್ರ.

ಹೊಸ ಸಾಹೇಬರು ಬಂದಾಗಲೆಲ್ಲ ಮೊದಲ ದಿನವೇ ಹೋಗಿ ಹೇಳುತ್ತಿದ್ದಳು. ಒಂದು ಸಾರುವೆ ಕಟ್ಟಿಸಿ ಕೊಡಿ, ಗೆರೆ ಹಾಕಿಬಿಡ್ತೀನಿ. ಒಂಬತ್ತು ಸಾಹೇಬರು ಬಂದು ಹೋದರು.

*

“ನನ್ನ ಅನ್ನ ಕಿತ್ಕೋಬೇಕು ಅಂತ ಗೆರೆಯಮ್ಮ ಯಾವತ್ತೂ ಹೇಳಿದ್ದಲ್ಲ ಬಿಡಿ,” ಎಂದು ಗೈಡ್ ಮೂಗೊರೆಸಿಕೊಂಡ. ಇಪ್ಪತ್ತು ವರ್ಷದಿಂದ ಕೋಟೆ ನೋಡಲು ಬಂದವರಿಗೆ ಕತೆ ಹೇಳುವವನು. ಹೆಣದ ಪಕ್ಕದ ಬೆಂಚಿನ ಮೇಲೆ ಕೂತು ನಿಜವಾಗಿಯೇ ಅಳುತ್ತಿದ್ದ. “ನಾನು ಕೆಳಗೆ ನಿಂತು, ‘ಇದೇ ಕಿಟಕಿಯಲ್ಲಿ ರಾಣಿ ಹನ್ನೆರಡು ವರ್ಷ ಗಂಡನ ದಾರಿ ಕಾದಳು’ ಅಂತಿದ್ರೆ ಮೇಲಿಂದ ಕೂಗೋರು. ‘ಏನಯ್ಯಾ, ಹನ್ನೆರಡು ವರ್ಷ ಯಾವುದರ ಮೇಲೆ ನಿಂತಿದ್ಲಯ್ಯಾ? ಹಿಂದ್ಗಡೆ ನೆಲಾನೇ ಇಲ್ಲ!’”

ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

“ನೆಲ ಕುಸಿದು ಹೋಯ್ತಮ್ಮಾ ಅಂತಿದ್ದೆ. ‘ಕುಸಿದ್ರೆ ತೊಲೆ ಕೂರಿಸಿದ ಗೂಡಾದ್ರೂ ಇರ್ಬೇಕಲ್ಲ, ತೋರ್ಸು’ ಅನ್ನೋರು. ಬಂದವರೆಲ್ಲ ನಗೋರು. ಆಮೇಲೆ ಸಂಜೆ ನನಗೇ ಚಹಾ ಕೊಡೋರು.”

“ಗೂಡು ಇದೆಯಾ ಮತ್ತೆ?” ಎಂದು ಬಡಗಿ ಕೇಳಿದ.

ಗೈಡ್ ಅವನ ಮುಖ ನೋಡಿದ, ಹೆಣದ ಮುಖ ನೋಡಿದ. “ನಾನು ಹತ್ತಿ ನೋಡಿಲ್ಲ,” ಎಂದ.

ಸೊಸೆ ಚಹಾ ತಟ್ಟೆ ಹಿಡಿದು ಗೋಡೆಗೆ ಅಂಟಿಕೊಂಡಂತೆ ನಿಂತಿದ್ದಳು. ಈ ಮನೆಗೆ ಬಂದು ಹನ್ನೊಂದು ವರ್ಷ. ನಾಲ್ಕು ಜನ ಸೇರಿದ ಕಡೆ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಹೊರಗೆ ಜೀಪು ನಿಂತ ಸದ್ದಾಯಿತು.

ಸಾಹೇಬರು ಚಿಕ್ಕ ವಯಸ್ಸಿನವರು, ಸಜ್ಜನರು. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದರು. ಹೂವಿನ ಚಕ್ರವನ್ನು ಕಾಲ ಬಳಿ ಇಟ್ಟು, ಒಂದು ಗಳಿಗೆ ತಲೆ ತಗ್ಗಿಸಿ ನಿಂತರು. ಆಮೇಲೆ ಮಗನ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು:

“ಇವತ್ತು ಆಫೀಸಿಗೆ ರಜಾ ಕೊಟ್ಟಿದೀವಿ. ಕೋಟೆ ಬಾಗಿಲೂ ಮುಚ್ಚಿದೀವಿ. ಅವರಿಗೆ ಅಷ್ಟು ಗೌರವ ಸಲ್ಲಲೇಬೇಕು. ನಾಳೆಯಿಂದ ರಾಣಿ ಕಿಟಕಿಗೆ ದೀಪ ಬರುತ್ತೆ. ಅದರ ಕೆಳಗೆ ಅವರ ಹಲಗೆ ಇರುತ್ತೆ. ‘ರಾಣಿ ಕಿಟಕಿಯನ್ನು ನಲವತ್ತೈದು ವರ್ಷ ಕಾಪಾಡಿದವರು’ ಅಂತ.”

ಮಗನ ಕಣ್ಣು ತುಂಬಿ ಬಂತು. ನೆರೆದವರು ತಲೆಯಾಡಿಸಿದರು.

“ಏನಂದ್ರು?” ಎಂದು ಚಿಕ್ಕಮ್ಮ ಪಕ್ಕದವಳನ್ನು ಕೇಳಿದಳು. ಅವಳು ಕಿವಿಯಲ್ಲಿ ಕೂಗಿದಳು. ಚಿಕ್ಕಮ್ಮ ಎದ್ದು ನಿಂತಳು.

“ಕಾಪಾಡಿದ್ದಲ್ಲ ಸ್ವಾಮಿ. ಕಟ್ಟಿದ್ದು.”

“ಚಿಕ್ಕಮ್ಮಾ,” ಎಂದ ಮಗ.

“ನೀನು ಸುಮ್ನಿರೋ. ನಾನೇ ಬುತ್ತಿ ತಗೊಂಡು ಹೋಗ್ತಿದ್ದೆ. ಹನ್ನೊಂದು ದಿನ. ಮೇಲಿಂದ ಇಳೀತಾನೇ ಇರ್ಲಿಲ್ಲ ಮಹಾರಾಯ್ತಿ, ಹಗ್ಗ ಬಿಟ್ಟು ಬುತ್ತಿ ಎಳ್ಕೋತಿದ್ಲು.”

ಸಾಹೇಬರು ಮುಗುಳ್ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. “ನನಗೂ ಹೇಳಿದ್ರು ಅಜ್ಜಿ,” ಎಂದರು ಮೆತ್ತಗೆ. “ಪಾಪ, ಅಷ್ಟು ವರ್ಷ ಒಂದೇ ಗೋಡೆ ಜೊತೆ ಬದುಕಿದ್ರೆ ಎಲ್ಲಾ ನಮ್ಮದೇ ಅನ್ಸಿಬಿಡುತ್ತೆ. ಅದೂ ಒಂಥರಾ ಪ್ರೀತಿನೇ ಅಲ್ವಾ?”

ಗೈಡ್ ತನ್ನ ಬೆರಳುಗಳನ್ನು ನೋಡಿಕೊಂಡ.

ಸೊಸೆ ಚಹಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಡುಗೆಮನೆ ಹಾದು ಹಿತ್ತಲಿಗೆ ಹೋದಳು. ಸುಣ್ಣದ ಗುಂಡಿಯ ಮುಚ್ಚಳ ಸರಿಸಿ, ಎರಡು ವರ್ಷದಿಂದ ನೆನೆದು ಬೆಣ್ಣೆಯಂತಾಗಿದ್ದ ಸುಣ್ಣವನ್ನು ಬಕೆಟ್ಟಿಗೆ ತೆಗೆದಳು. ಜರಡಿ ಹಿಡಿದ ಮರಳು ಹಾಕಿ ಗುದ್ದಲಿ ಹಿಡಿಯಿಂದ ಕುಟ್ಟಿ ಕುಟ್ಟಿ ಹದಕ್ಕೆ ತಂದಳು. ಕರಣಿಗೆ ಅಂಟಿ, ಕೊಡವಿದರೆ ಬೀಳಬೇಕು, ಅದೇ ಹದ. ಒಳಗೆ ಸಾಹೇಬರು ಇನ್ನೂ ಮಾತಾಡುತ್ತಿದ್ದರು.

*

ಸಾರುವೆ ಏರಿದ್ದು ಐದು ದಿನದ ಹಿಂದೆ. ಗೆರೆಯಮ್ಮನ ಹಾಸಿಗೆಯಿಂದ ಕೋಟೆಯ ದಕ್ಷಿಣದ ಗೋಡೆ ಕಾಣುತ್ತಿತ್ತು. ಮಾತು ಕಡಿಮೆಯಾಗಿದ್ದವಳು ತಟ್ಟನೆ ಮೊಣಕೈ ಊರಿ ಎದ್ದಿದ್ದಳು.

“ಲೇ ಹುಡುಗಿ, ಬಾ ಇಲ್ಲಿ. ಅದೇನೇ ಅದು?”

“ದೀಪ ಹಾಕ್ತಾರಂತೆ ಅತ್ತೆ. ಕತ್ತಲಲ್ಲೂ ಕಿಟಕಿ ಹೊಳೀಬೇಕಂತೆ.”

“ನಲವತ್ಮೂರು ವರ್ಷ ಆದ್ಮೇಲೆ ಅಲ್ಲಿಗೆ ಸಾರುವೆ ಏರ್ತಿದೆ ಕಣೇ.” ಉಸಿರು ಸಿಕ್ಕಿಕೊಂಡು ಕೆಮ್ಮು ಬಂತು. ಸೊಸೆ ನೀರು ಕುಡಿಸಿದಳು. “ಎಷ್ಟು ದಿನ ಇಡ್ತಾರೆ?”

“ಒಂದು ವಾರವಂತೆ.”

ಮುದುಕಿ ಕಂಬಳಿಯ ಮೇಲೆ ನಾಲ್ಕು ಬೆರಳು ಒತ್ತಿದಳು. ಮತ್ತೆ ಅದರ ಪಕ್ಕದಲ್ಲಿ ನಾಲ್ಕು ಬೆರಳು. ಹಾಗೆಯೇ ಎಡಗಡೆ ಹತ್ತಿ, ಕಮಾನಿನಂತೆ ಬಾಗಿ, ಬಲಗಡೆ ಇಳಿದು, ಕೆಳಗಿನ ಹಾಸುಗಲ್ಲಿನುದ್ದಕ್ಕೂ ಬಂದು, ಶುರುವಾದಲ್ಲಿಗೇ ಮುಟ್ಟಿದಳು. ಅರ್ಧ ಗಂಟೆ ಹಿಡಿಯಿತು. “ನಲವತ್ನಾಲ್ಕು,” ಎಂದಳು.

“ಅವರು ಬಿಡ್ಬೇಕಲ್ಲ ಅತ್ತೆ. ಹಗಲೆಲ್ಲ ಅಲ್ಲಿ ಜನ ಇರ್ತಾರೆ.”

“ನಾನು ಸತ್ರೆ ರಜಾ ಕೊಡ್ತಾರೆ. ಅವತ್ತು ಹೋಗು.”

“ಅತ್ತೆ!”

“ಅಳೋಕೆ ಊರು ತುಂಬ ಜನ ಇದಾರೆ. ಗಾರೆ ಕಲಸೋಕೆ ಬರೋದು ನಿನಗೊಬ್ಬಳಿಗೇ.”

ಮುದುಕಿ ಕಣ್ಣು ಮುಚ್ಚಿದಳು. ಹಾಗೇ ಮಲಗಿಕೊಂಡು, “ಆ ಬೋರ್ಡಲ್ಲಿ ಬರ್ದಿದಾರಲ್ಲ, ಇನ್ನೊಂದ್ಸಲ ಹೇಳು,” ಎಂದಳು.

ಸೊಸೆ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಆದರೆ ಪಂಡಿತರ ಮಾತು ಬರೆದಿದ್ದ ಕೋಟೆಯ ಬೋರ್ಡನ್ನು ಅತ್ತೆಗೆ ಎಷ್ಟು ಸಲ ಓದಿ ಹೇಳಿದ್ದಳೆಂದರೆ ಅದು ಬಾಯಿಪಾಠವಾಗಿತ್ತು. “ಇಂಥ ಕಮಾನು ಕಟ್ಟಬಲ್ಲ ಕೈಗಳು ಈ ಊರಿನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ,” ಎಂದಳು.

ಮುದುಕಿ ಕಂಬಳಿಯಡಿಯಿಂದ ಎರಡೂ ಕೈ ಹೊರತೆಗೆದು, ಅಂಗೈ ಮೇಲೆ ಮಾಡಿ ಎದೆಯ ಮೇಲಿಟ್ಟುಕೊಂಡು ನಕ್ಕಳು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

*

ಕೋಟೆಯ ಕೆಲಸಗಾರರ ಕಿರುಬಾಗಿಲಿಗೆ ಬೀಗವಿರಲಿಲ್ಲ, ತಂತಿ ಸುತ್ತಿತ್ತು. ಒಣಗಿದ ಕಂದಕದ ತಳದಿಂದ ಸಾರುವೆಗೆ ಏಣಿ ಒರಗಿಸಿದ್ದರು. ದೀಪದವರು ಅದನ್ನು ಕಟ್ಟುವ ಗೋಜಿಗೆ ಹೋಗಿರಲಿಲ್ಲ. ಹೆಜ್ಜೆ ಹೆಜ್ಜೆಗೂ ಅದು ಒಂದು ಗೇಣು ಈಚೆ, ಒಂದು ಗೇಣು ಆಚೆ ಜರುಗುತ್ತಿತ್ತು. ಸೊಸೆ ಮೂರು ಸಲ ಹತ್ತಿ ಇಳಿದು ಬಕೆಟ್ಟು, ನೀರು, ಬಾಣಲಿ ಸಾಗಿಸಿದಳು.

ಕಿಟಕಿಯನ್ನು ಅಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ. ಮೊದಲು ಒಳಗೆ ಕತ್ತು ಹಾಕಿದಳು. ನೆಲವಿಲ್ಲ, ತೊಲೆಯ ಗೂಡಿಲ್ಲ. ಮೂರಾಳು ಕೆಳಗೆ ಮುಳ್ಳುಗಿಡ. ಆಮೇಲೆ ಅಂಚಿನ ಸಂದಿನಲ್ಲಿ ಉಳಿ ಇಟ್ಟು ತಟ್ಟಿದಳು. ಮೇಲಿನ ಒಂದು ಬೆರಳು ಗಾರೆ ಉದುರಿತು. ಒಳಗಿನದನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು. ಪಕ್ಕದ ಹಳೆಯ ಗೋಡೆಯ ಗಾರೆ ಬೂದು, ಅದರಲ್ಲಿ ಹೊಳೆಯ ಚಿಪ್ಪಿನ ಚೂರು. ಇದು ಬಿಳಿ, ನುಣ್ಣಗೆ, ನಡುನಡುವೆ ಇದ್ದಿಲಿನ ಕರಿ ಚುಕ್ಕೆ. ಮನೆಯ ಗುಂಡಿಯ ಸುಣ್ಣವೂ ಹೀಗೆಯೇ. ಅವಳ ಬಕೆಟ್ಟಿನಲ್ಲಿದ್ದದ್ದೂ ಹೀಗೆಯೇ.

ಅವಳಿಗೆ ಅಳು ಬಂತು. ಬೆಳಗ್ಗೆಯಿಂದ ಬಂದಿರಲಿಲ್ಲ. ಅಳುತ್ತಲೇ ಸಂದನ್ನು ಕೆರೆದಳು, ಪೊರಕೆ ಕಡ್ಡಿಯಿಂದ ಧೂಳು ತೆಗೆದಳು, ನೀರು ಚಿಮುಕಿಸಿದಳು, ಗಾರೆ ತುಂಬಿದಳು, ಮೊದಲ ತುಂಡನ್ನು ಒತ್ತಿದಳು. ನಾಲ್ಕು ಬೆರಳು ಅಳೆದು ಎರಡನೆಯದು. ಎಡಗಡೆ ಮುಗಿಯುವ ಹೊತ್ತಿಗೆ ಅಳು ನಿಂತಿತ್ತು, ಕೈ ಓಡುತ್ತಿತ್ತು. ಕಮಾನಿನ ನೆತ್ತಿಗೆ ಮುಟ್ಟಲು, ಉಳಿದ ಗಾರೆಯನ್ನು ಸಾರುವೆಯ ಹಲಗೆಯ ಮೇಲೆ ಸುರಿದು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತಳು. ಕೆಳಗೆ ಊರಿನ ಮಾಡುಗಳು ಕಾಣುತ್ತಿದ್ದವು. ಸೇತುವೆ, ಶಾಲೆ, ತನ್ನ ಮನೆಯ ಮುಂದಿನ ಗುಂಪು. ಆ ಗುಂಪು ಕದಲಿ ಉದ್ದವಾಯಿತು. ಪೆಟ್ಟಿಗೆ ಹೊರಟಿತ್ತು.

ಹೂಳುವ ಜಾಗಕ್ಕೆ ಹೋಗುವ ದಾರಿ ಕಂದಕದ ಅಂಚಿನಲ್ಲೇ ಹಾದು ಹೋಗುತ್ತದೆ. ಅವರು ಹತ್ತಿರವಾಗುವಾಗ ಅವಳು ಕೆಳಗಿನ ಹಾಸುಗಲ್ಲಿಗೆ ಬಂದಿದ್ದಳು. ಮೊದಲು ಕಂಡವನು ಗೈಡ್.

“ಅಯ್ಯೋ! ರಾಣಿ ಕಿಟಕಿ! ಏನು ಮಾಡ್ತಿದೀಯಮ್ಮಾ ಅಲ್ಲಿ?”

ಪೆಟ್ಟಿಗೆ ಹೊತ್ತವರು ನಿಂತರು. ಹಿಂದೆ ಬರುತ್ತಿದ್ದ ಜೀಪೂ ನಿಂತಿತು. ಸಾಹೇಬರು ಇಳಿದು ಕಂದಕದ ಅಂಚಿಗೆ ಓಡಿ ಬಂದರು. ಅವರ ಮುಖ ಬಿಳಚಿಕೊಂಡಿತ್ತು.

“ಇಳೀರಿ ಕೆಳಗೆ! ಅದನ್ನ ಮುಟ್ಟೋದು ಅಪರಾಧ, ಗೊತ್ತಾ? ಏಳ್ನೂರು ವರ್ಷದ್ದು ಅದು!”

ಸೊಸೆ ತಿರುಗಿದಳು. ಅಷ್ಟೂ ಜನ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದರು. ಕರಣಿಯನ್ನು ಕಲ್ಲಿನ ಮೇಲಿಟ್ಟಳು. ಆಮೇಲೆ ದನಿ ಹೊರಟಿತು, ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ. ಎದುರಿನ ಗೋಡೆಗೆ ಬಡಿದು ವಾಪಸ್ಸು ಬಂತು.

“ಏಳ್ನೂರಲ್ಲ ಸಾರ್! ನಲವತ್ಮೂರು!”

“ಏನು?”

“ಗಾರೆ ತೆಗ್ದು ಇಟ್ಟಿದೀನಿ, ನೀವೇ ಹತ್ತಿ ಬಂದು ನೋಡಿ! ಹಳೇ ಗೋಡೇದೂ ಇದೆ, ಇದರದ್ದೂ ಇದೆ! ತೊಲೆ ಗೂಡಿದ್ರೆ ತೋರ್ಸಿ, ನಾನೇ ಎಲ್ಲಾ ಕಿತ್ತುಹಾಕ್ತೀನಿ! ಇನ್ನೊಂಬತ್ತು ತುಂಡಿದೆ. ಮುಗಿಸಿ ಬರ್ತೀನಿ!”

ಮತ್ತೆ ಬೆನ್ನು ತಿರುಗಿಸಿ, ನಾಲ್ಕು ಬೆರಳು ಅಳೆದಳು.

“ಏನಂತಾಳೆ?” ಎಂದಳು ಚಿಕ್ಕಮ್ಮ.

“ಇನ್ನೊಂಬತ್ತು ಇದೆಯಂತೆ!” ಎಂದು ಬಡಗಿ ಅವಳ ಕಿವಿಗೆ ಕೂಗಿದ.

“ಹಾಗಾದ್ರೆ ಪೆಟ್ಟಿಗೆ ಇಳಿಸಿ. ಏನು ನೋಡ್ತೀರಿ, ಇಳಿಸಿ! ಕೆಲಸ ಮುಗೀದೆ ಅವಳು ಒಂದು ದಿನಾನಾದ್ರೂ ಮನೆಗೆ ಹೋಗಿದಾಳಾ? ಇವತ್ತು ಮಾತ್ರ ಯಾಕೆ ಹೋಗ್ತಾಳೆ?”

ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆಟ್ಟಿಗೆಯನ್ನು ದಾರಿಯ ನಡುವೆ ಮೆಲ್ಲಗೆ ಇಳಿಸಿದರು. ಜೀಪು ಮುಂದೆ ಹೋಗಲು ಜಾಗವಿಲ್ಲದಾಯಿತು. ಹೆಂಗಸರು ದಾರಿ ಬದಿಯ ಕಲ್ಲುಗಳ ಮೇಲೆ ಕೂತರು.

“ಇನ್ಮೇಲೆ ನಾನು ಜನಕ್ಕೆ ಏನು ಹೇಳ್ಲಿ ಚಿಕ್ಕಮ್ಮಾ?” ಎಂದ ಗೈಡ್, ಅಳು ದನಿಯಲ್ಲಿ.

“ಇದನ್ನೇ ಹೇಳು. ರಾಣಿಗಿಂತ ಚೆನ್ನಾಗಿದೆ.”

ಸಾಹೇಬರು ಮಗನ ತೋಳು ಹಿಡಿದರು. ಅವರ ದನಿ ಈಗ ಮೆತ್ತಗಿರಲಿಲ್ಲ. “ನಿಮ್ಮ ಹೆಂಡ್ತಿನ ಕೆಳಗಿಳಿಸಿ. ಈಗಲೇ. ಇಲ್ದಿದ್ರೆ ನಾಳೆ ಇಬ್ಬರೂ ಕೆಲಸಕ್ಕೆ ಬರೋದು ಬೇಡ.”

ಮಗ ಪೆಟ್ಟಿಗೆಯನ್ನು ನೋಡಿದ. ಗೋಡೆಯನ್ನು ನೋಡಿದ. ಕಿಟಕಿಯ ಸುತ್ತ ಕೆಂಪು ಚುಕ್ಕೆಗಳು ಎಡಗಡೆ ಹತ್ತಿ, ನೆತ್ತಿಯ ಮೇಲೆ ಬಾಗಿ, ಬಲಗಡೆ ಇಳಿದು, ಕೆಳಗಿನ ಕಲ್ಲಿನ ಅರ್ಧಕ್ಕೆ ಬಂದು ನಿಂತಿದ್ದವು. ಅವನು ಕಂದಕಕ್ಕೆ ಇಳಿಯತೊಡಗಿದ. ಹುಲ್ಲಿನ ಮೇಲೆ ಹೊಸ ಬೂಟು ಜಾರುತ್ತಿತ್ತು. ಸಾಹೇಬರು ಮೇಲೆ ನಿಂತು, “ಬೇಗ, ಬೇಗ,” ಎನ್ನುತ್ತಿದ್ದರು.

ಏಣಿಯ ಬುಡಕ್ಕೆ ಬಂದ. ಮೇಲೆ ಅವಳು ಕೊನೆಯ ಮೂಲೆಯತ್ತ ವಾಲಿದಂತೆ ಸಾರುವೆ ಅಲುಗಿ, ಏಣಿ ಜರುಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರ್ರೆಂದಿತು. ಅವನು ಒಂದು ಕಾಲನ್ನು ಕೆಳಗಿನ ಮೆಟ್ಟಿಲ ಮೇಲೆ ಊರಿದ, ಇನ್ನೊಂದನ್ನು ನೆಲಕ್ಕೆ ಒತ್ತಿದ. ಎರಡೂ ಕೈಗಳಿಂದ ಏಣಿಯನ್ನು ಬಿಗಿಯಾಗಿ ಹಿಡಿದು, ಸಾಹೇಬರಿಗೆ ಬೆನ್ನು ಹಾಕಿ ಮೇಲೆ ನೋಡುತ್ತ ನಿಂತ. ಕರಣಿಯಿಂದ ಜಾರಿದ ಸುಣ್ಣದ ಹನಿ ಅವನ ಕರಿ ಕೋಟಿನ ಭುಜದ ಮೇಲೆ ಬಿತ್ತು. ಇನ್ನೊಂದು ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.